ವಿಜ್ಞಾನ ಕಥಾಸಾಹಿತ್ಯದಲ್ಲಿ ಸೈನ್ಯಸೇವೆ ಮತ್ತು ಪೌರತ್ವ

ರಾಜ್ಯದ ರಕ್ಷಣೆಗಾಗಿ ಶಸ್ತ್ರ ಹಿಡಿಯುವವನಿಗೂ ಆ ರಾಜ್ಯದ ಆಡಳಿತವನ್ನು ತನ್ನ ಮತದಿಂದ ನಿರ್ಣಯಿಸುವವನಿಗೂ ಯಾವ ಸಂಬಂಧವಿರಬೇಕೆಂಬ ಪ್ರಶ್ನೆಯನ್ನು ಭವಿಷ್ಯತ್ಕಾಲದ ಕಲ್ಪಿತ ಸಮಾಜಗಳ ಮೂಲಕ ಪರೀಕ್ಷಿಸುವ ಕಥಾವಸ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಮೊಳೆತ ಈ ವಸ್ತು, ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಲೇಖಕರ ಕೈಯಲ್ಲಿ ಪುಷ್ಟಿಗೊಂಡು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ತೀಕ್ಷ್ಣವಾದ ವಾಗ್ವಾದಕ್ಕೆ ಕಾರಣವಾಗಿ, ಅಲ್ಲಿಂದೀಚೆಗೆ ಜಪಾನಿನ ಕಾದಂಬರಿಗಳಿಗೂ ಚಲನಚಿತ್ರ ಹಾಗೂ ದೂರದರ್ಶನ ಮಾಧ್ಯಮಗಳಿಗೂ ಹರಡಿದೆ. ರಾಕೆಟ್ಟುಗಳೂ ಅನ್ಯಗ್ರಹದ ವೈರಿಗಳೂ ಈ ಕೃತಿಗಳ ಹೊರಮೈಯನ್ನು ತುಂಬಿದ್ದರೂ, ಇವುಗಳಲ್ಲಿ ಉತ್ತಮವೆನಿಸಿದವುಗಳ ಒಳದನಿ ರಾಜ್ಯಶಾಸ್ತ್ರದ್ದು.

ಪ್ರಶ್ನೆಯನ್ನು ಕಥೆಗಾರರು ಹೊಸದಾಗಿ ಹುಟ್ಟಿಸಿದರೆಂದು ತಿಳಿಯಬೇಕಾಗಿಲ್ಲ. ರೋಮನ್ ಚಕ್ರಾಧಿಪತ್ಯದ ಸಹಾಯಕ ದಳಗಳಿಗೆ ಸೇರಿದ ಪರಪ್ರಾಂತೀಯನು 25 ವರ್ಷಗಳ ಸೇವೆಯನ್ನು ಮುಗಿಸಿದ ಮೇಲೆ ರೋಮಿನ ಪೌರನೆನಿಸಿಕೊಳ್ಳುತ್ತಿದ್ದನು. ಆ ಹಕ್ಕನ್ನು ಕೊರೆದಿರಿಸಿದ ಕಂಚಿನ ಜೋಡಿ ಫಲಕಗಳು ಯೂರೋಪಿನ ನೆಲದಲ್ಲಿ ಹೇರಳವಾಗಿ ದೊರೆತಿವೆ. ನಮ್ಮ ದೇಶದಲ್ಲಿಯೇ 1918ರಲ್ಲಿ ಗಾಂಧೀಜಿಯವರು ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಸೈನ್ಯಕ್ಕೆ ಸೇರುವುದರಿಂದ ಸ್ವರಾಜ್ಯವು ಸಮೀಪಿಸುವುದೆಂದು ರೈತರಿಗೆ ಬೋಧಿಸಿದ್ದುಂಟು. ಮರುವರ್ಷ ಸರಕಾರವು ಕೊಟ್ಟದ್ದು ರೌಲತ್ ಶಾಸನವನ್ನು. ಸೇವೆಗೆ ಪ್ರತಿಯಾಗಿ ಹಕ್ಕು ಎಂಬ ಈ ಹಳೆಯ ಒಡಂಬಡಿಕೆಯಲ್ಲಿ ಸೇವೆ ಮೊದಲು ಸಲ್ಲತಕ್ಕದ್ದು, ಹಕ್ಕು ಆಮೇಲೆ ದೊರೆಯತಕ್ಕದ್ದು. ಇವೆರಡರ ನಡುವಣ ಅವಧಿಯಲ್ಲಿ, ಎಂದರೆ ಪ್ರಾಣವನ್ನು ಪಣವಾಗಿಟ್ಟು ನಿಂತಿರುವ ಆ ವರ್ಷಗಳಲ್ಲಿಯೇ, ಸೈನಿಕನಿಗೆ ತನ್ನನ್ನು ಕಳುಹಿಸಿದವರನ್ನು ಪ್ರಶ್ನಿಸುವ ಬಾಯಿಲ್ಲ. ವಿಜ್ಞಾನ ಕಥೆಗಾರರು ಅರಿತೋ ಅರಿಯದೆಯೋ ಮತ್ತೆ ಮತ್ತೆ ಬಂದು ನಿಂತಿರುವುದು ಈ ಮೂಕ ಅವಧಿಯ ಮುಂದೆಯೇ.

ವಿಜ್ಞಾನ ಕಥೆಯೆಂಬ ಹೆಸರು ಬಳಕೆಗೆ ಬರುವ ಮೊದಲೇ ಈ ವಸ್ತುವನ್ನು ಕೈಗೆತ್ತಿಕೊಂಡವನು ಭಾರತದಲ್ಲಿ ದುಡಿದ ಒಬ್ಬ ದಂಡಿನ ಎಂಜಿನಿಯರು. ಬಂಗಾಳ ಎಂಜಿನಿಯರ್ ದಳದ ಅಧಿಕಾರಿಯಾಗಿ 1857ರ ದಿಲ್ಲಿಯ ಮುತ್ತಿಗೆಯಲ್ಲಿ ಗಾಯಗೊಂಡಿದ್ದ ಜಾರ್ಜ್ ಟಾಮ್ಕಿನ್ಸ್ ಚೆಸ್ನಿಯು, ಪ್ರಷ್ಯದ ಸೇನೆಯೆದುರು ಫ್ರಾನ್ಸ್ ಕೆಲವೇ ತಿಂಗಳುಗಳಲ್ಲಿ ಕುಸಿದುದನ್ನು ಕಂಡು ಕಳವಳಗೊಂಡು, 1871ರ ಮೇ ತಿಂಗಳ ‘ಬ್ಲ್ಯಾಕ್‌ವುಡ್ಸ್’ ಮಾಸಪತ್ರಿಕೆಯಲ್ಲಿ ‘ಡಾರ್ಕಿಂಗ್ ಕದನ’ ಎಂಬ ಕಥೆಯನ್ನು ಹೆಸರಿಲ್ಲದೆ ಪ್ರಕಟಿಸಿದನು. ಜರ್ಮನರು ಇಂಗ್ಲೆಂಡಿನ ನೆಲಕ್ಕಿಳಿದು ಜಯಿಸಿದ ಐವತ್ತು ವರ್ಷಗಳ ಮೇಲೆ, ಅಂದು ಸ್ವಯಂಸೇವಕ ದಳದಲ್ಲಿ ಹೋರಾಡಿದ ಮುದುಕನೊಬ್ಬನು ತನ್ನ ಮೊಮ್ಮಕ್ಕಳಿಗೆ ಆ ಸೋಲಿನ ವೃತ್ತಾಂತವನ್ನು ಹೇಳುತ್ತಾನೆ. ಕಚೇರಿಯ ಗುಮಾಸ್ತರು ಸಮವಸ್ತ್ರ ತೊಟ್ಟು ರೈಲು ಹತ್ತುವುದೂ, ಊಟದ ಏರ್ಪಾಟಿಲ್ಲದೆ ಹಸಿದು ನಿಲ್ಲುವುದೂ, ಎಲ್ಲಿಗೆ ಹೋಗಬೇಕೆಂಬ ಆಜ್ಞೆಯೇ ಸ್ಪಷ್ಟವಾಗಿರದೆ ಅಲೆಯುವುದೂ ಅಲ್ಲಿ ಕಣ್ಣಿಗೆ ಕಟ್ಟುವಂತೆ ಬಂದಿವೆ. ಆದರೆ ಚೆಸ್ನಿಯ ದೂರು ಕೇವಲ ಸೇನೆಯ ಅವ್ಯವಸ್ಥೆಯ ಮೇಲಲ್ಲ. 1867ರ ಸುಧಾರಣಾ ಶಾಸನದಿಂದ ನಗರದ ಕಾರ್ಮಿಕರಲ್ಲಿ ಹಲವರಿಗೆ ಮತಾಧಿಕಾರ ಬಂದಿದ್ದ ಕಾಲವದು. ಆಳಿ ರೂಢಿಯಿದ್ದ ವರ್ಗದ ಕೈಯಿಂದ ಅಧಿಕಾರವು ಜಾರಿಹೋದುದೂ, ಆಯುಧ ಹಿಡಿಯುವ ಕಷ್ಟಕ್ಕೆ ಜನ ಒಗ್ಗದೆ ಹೋದುದೂ ಒಂದೇ ಪತನದ ಎರಡು ಮುಖಗಳೆಂದು ಮುದುಕನ ಮಾತಿನಲ್ಲಿ ಅವನು ಸೂಚಿಸುತ್ತಾನೆ. ಪ್ರಧಾನಮಂತ್ರಿ ಗ್ಲಾಡ್‌ಸ್ಟನ್ ಸಾರ್ವಜನಿಕ ಭಾಷಣದಲ್ಲಿ ಈ ಕಥೆಯ ಭಯೋತ್ಪಾದಕತೆಯನ್ನು ಖಂಡಿಸಬೇಕಾಯಿತೆಂದಮೇಲೆ ಅದರ ಪ್ರಭಾವವನ್ನು ಊಹಿಸಬಹುದು.

ಇಲ್ಲಿಂದ ಹುಟ್ಟಿದ ‘ಆಕ್ರಮಣ ಕಥೆ’ಗಳ ದೊಡ್ಡ ಪರಂಪರೆಯಲ್ಲಿ ಸಾಹಿತ್ಯಗುಣವುಳ್ಳವು ವಿರಳ. ವಿಲಿಯಂ ಲೆ ಕ್ಯೂನ ‘1910ರ ಆಕ್ರಮಣ’ವನ್ನು (1906) ಕಾನ್ಪುರದಲ್ಲಿ ಹುಟ್ಟಿ ಭಾರತದ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸನು ಕಡ್ಡಾಯ ಸೈನಿಕ ಶಿಕ್ಷಣದ ಚಳವಳಿಗಾಗಿ ಬೆಂಬಲಿಸಿದನು, ಅದನ್ನು ಧಾರಾವಾಹಿಯಾಗಿ ಅಚ್ಚುಹಾಕಿದ ‘ಡೈಲಿ ಮೇಲ್’ ಪತ್ರಿಕೆಯ ಒಡೆಯನು, ತನ್ನ ಪತ್ರಿಕೆಗೆ ಓದುಗರು ಹೆಚ್ಚಾಗಿ ದೊರೆಯಬಹುದಾದ ಪಟ್ಟಣಗಳ ಮೇಲೆಯೇ ಜರ್ಮನ್ ಸೇನೆ ಹಾದುಹೋಗುವಂತೆ ಮಾರ್ಗವನ್ನು ಬದಲಾಯಿಸಿದನು. ಪೌರಧರ್ಮದ ಬೋಧನೆಯು ವ್ಯಾಪಾರಕ್ಕೆ ಎಷ್ಟು ಬೇಗ ಒಳಗಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಸೇವೆಯನ್ನೂ ಮತವನ್ನೂ ಒಂದು ವ್ಯವಸ್ಥೆಯೊಳಗೆ ಮೊದಲ ಬಾರಿಗೆ ಕೂಡಿಸಿದವನು ಅಮೆರಿಕದ ಎಡ್ವರ್ಡ್ ಬೆಲಮಿ. ಯೌವನದಲ್ಲಿ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯವನ್ನು ಸೇರಬಯಸಿ, ದೇಹಪರೀಕ್ಷೆಯಲ್ಲಿ ಅನರ್ಹನೆಂದು ಹಿಂದಿರುಗಿದ ಈತನು, ಸೈನ್ಯದ ಶಿಸ್ತಿನ ಮೇಲಿನ ಮೋಹವನ್ನು ಮಾತ್ರ ಬಿಡದೆ, 1888ರಲ್ಲಿ ಪ್ರಕಟವಾದ ‘ಲುಕಿಂಗ್ ಬ್ಯಾಕ್‌ವರ್ಡ್’ ಎಂಬ ಕೃತಿಯಲ್ಲಿ ಯುದ್ಧವೇ ಇಲ್ಲದ ಒಂದು ಸೈನ್ಯವನ್ನು ಕಲ್ಪಿಸಿದನು. 1887ರಲ್ಲಿ ನಿದ್ರೆಹೋಗಿ 2000ನೆಯ ಇಸವಿಯ ಬಾಸ್ಟನ್ ನಗರದಲ್ಲಿ ಎಚ್ಚರಗೊಂಡ ಜೂಲಿಯನ್ ವೆಸ್ಟ್‌ಗೆ ಡಾಕ್ಟರ್ ಲೀಟ್ ವಿವರಿಸುವಂತೆ, ಅಲ್ಲಿಯ ಪ್ರತಿಯೊಬ್ಬನೂ 21ನೆಯ ವಯಸ್ಸಿನಿಂದ 45ನೆಯ ವಯಸ್ಸಿನವರೆಗೆ ‘ಕೈಗಾರಿಕಾ ಸೈನ್ಯ’ದಲ್ಲಿ ದುಡಿಯತಕ್ಕದ್ದು, ಮೊದಲ ಮೂರು ವರ್ಷಗಳಲ್ಲಿ ಮೇಲಿನವರು ಹೇಳಿದ ಕೂಲಿಕೆಲಸವನ್ನೆಲ್ಲ ಮಾಡತಕ್ಕದ್ದು, ಒಲ್ಲೆನೆಂದವನು ಒಪ್ಪುವವರೆಗೂ ರೊಟ್ಟಿ ಮತ್ತು ನೀರಿನ ಮೇಲೆ ಏಕಾಂತ ಸೆರೆಯಲ್ಲಿರತಕ್ಕದ್ದು. ಆ ಸೈನ್ಯದ ಮಹಾದಂಡನಾಯಕನೇ ರಾಷ್ಟ್ರಾಧ್ಯಕ್ಷ. ಆತನನ್ನು ಚುನಾಯಿಸುವ ಹಕ್ಕಾದರೋ ದುಡಿಯುತ್ತಿರುವವರಿಗೆ ಇಲ್ಲ. ಅಧೀನರು ತಮ್ಮ ಮೇಲಧಿಕಾರಿಯನ್ನು ಆರಿಸುವಂತಾದರೆ ಶಿಸ್ತು ಕೆಡುವುದೆಂಬ ಕಾರಣದಿಂದ, ಸೇವೆಯಿಂದ ಬಿಡುಗಡೆ ಹೊಂದಿದವರಿಗೂ ಆ ಸೈನ್ಯದ ಹೊರಗಿನವರಿಗೂ ಮಾತ್ರ ಅದು ಮೀಸಲು. ಸಮತೆಯ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಈ ರಾಜ್ಯದಲ್ಲಿ ಬೆವರು ಹರಿಸುತ್ತಿರುವವನೇ ಮೂಕನಾಗಿರುವುದು ಬೆಲಮಿಗೆ ಬಾಧಕವೆಂದು ತೋರಿದ ಕುರುಹು ಆ ಪುಸ್ತಕದಲ್ಲಿ ಕಾಣಬರುವುದಿಲ್ಲ. ಎಪ್ಪತ್ತು ವರ್ಷಗಳ ತರುವಾಯ ಬಲಪಂಥೀಯನೆಂದು ನಿಂದೆಗೊಳಗಾದ ಅಮೆರಿಕದ ಕಾದಂಬರಿಕಾರ ರಾಬರ್ಟ್ ಹೈನ್‌ಲೈನನು ಕಟ್ಟಿದ ವ್ಯವಸ್ಥೆಯ ಅಸ್ತಿಭಾರವು ಈ ಸಮಾಜವಾದಿಯ ಕೃತಿಯಲ್ಲಿಯೇ ಇರುವುದು ಈ ಸಾಹಿತ್ಯದ ಇತಿಹಾಸದಲ್ಲಿ ಸಾಕಷ್ಟು ಗಮನಕ್ಕೆ ಬಾರದ ಸಂಗತಿ.

ಎಚ್. ಜಿ. ವೆಲ್ಸನು ‘ಎ ಮಾಡರ್ನ್ ಯುಟೋಪಿಯಾ’ (1905) ಎಂಬ ಕೃತಿಯಲ್ಲಿ, ಕಠಿನ ವ್ರತನಿಯಮಗಳನ್ನು ತಾವಾಗಿಯೇ ಸ್ವೀಕರಿಸಿದ ‘ಸಮುರಾಯ್’ಗಳೆಂಬ ವರ್ಗಕ್ಕೆ ಮಾತ್ರ ಮತಾಧಿಕಾರವನ್ನು ಕೊಟ್ಟನು; ಹೆಸರು ಯೋಧರದಾದರೂ ಅವರು ಆಡಳಿತಗಾರರು, ವೈದ್ಯರು, ಅಧ್ಯಾಪಕರು. ಝೆಕ್ ಲೇಖಕ ಕಾರೆಲ್ ಚಾಪೆಕನ ‘ವಾರ್ ವಿತ್ ದ ನ್ಯೂಟ್ಸ್’ (1936) ಇದೇ ಪ್ರಶ್ನೆಯನ್ನು ತಲೆಕೆಳಗಾಗಿ ಹಿಡಿಯಿತು. ಸಮುದ್ರತೀರದಲ್ಲಿ ಸಿಕ್ಕ ಬುದ್ಧಿವಂತ ಉಭಯಚರಗಳನ್ನು ಮನುಷ್ಯರು ಮೊದಲು ಮುತ್ತು ತೆಗೆಯಲು, ಆಮೇಲೆ ಅಣೆಕಟ್ಟು ಕಟ್ಟಲು, ಕೊನೆಗೆ ಪರಸ್ಪರ ಯುದ್ಧಕ್ಕೆ ಸಿದ್ಧವಾಗಿರಲು ಬಳಸುತ್ತಾರೆ. ಕೈಗೆ ಸಿಡಿಮದ್ದನ್ನು ಕೊಡುತ್ತಾರೆ, ಮನುಷ್ಯನ ಸ್ಥಾನಮಾನವನ್ನು ಕೊಡುವುದಿಲ್ಲ. ಕಡೆಗೊಂದು ದಿನ ಅವು ತಮಗೆ ಬೇಕಾದ ತೀರಕ್ಕಾಗಿ ಖಂಡಗಳನ್ನೇ ಒಡೆಯತೊಡಗುತ್ತವೆ. ಯೂರೋಪು ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿದ್ದಾಗ ಬರೆದ ಈ ಕಾದಂಬರಿಯನ್ನು, ಹಕ್ಕಿಲ್ಲದವನ ಕೈಗೆ ಆಯುಧವಿತ್ತು ನಿಶ್ಚಿಂತೆಯಿಂದಿರುವ ನಾಗರಿಕತೆಯ ಮೇಲಿನ ಆರೋಪಪಟ್ಟಿಯೆಂದೇ ಓದಬೇಕು.

ಈ ವಸ್ತುವಿನ ಕೇಂದ್ರಕೃತಿಯೆಂದು ಎಲ್ಲರೂ ಒಪ್ಪುವುದು ರಾಬರ್ಟ್ ಎ. ಹೈನ್‌ಲೈನನ ‘ಸ್ಟಾರ್‌ಶಿಪ್ ಟ್ರೂಪರ್ಸ್’. 1907ರಲ್ಲಿ ಮಿಸ್ಸೂರಿ ಸಂಸ್ಥಾನದಲ್ಲಿ ಹುಟ್ಟಿ, 1929ರಲ್ಲಿ ಅನ್ನಾಪೊಲಿಸ್ ನೌಕಾ ವಿದ್ಯಾಲಯದಿಂದ ತೇರ್ಗಡೆಯಾಗಿ, ಕ್ಷಯರೋಗದಿಂದಾಗಿ 1934ರಲ್ಲಿಯೇ ನೌಕಾಪಡೆಯನ್ನು ಬಿಡಬೇಕಾಗಿ ಬಂದ ಹೈನ್‌ಲೈನನಿಗೆ, ತಾನು ಪೂರೈಸಲಾಗದೆ ಉಳಿದ ಆ ಸೇವೆಯು ಆಜೀವನದ ಚಿಂತನೆಯ ವಸ್ತುವಾಗಿತ್ತು. 1938-39ರಲ್ಲಿ ಬರೆದು, ಅವನ ಮರಣಾನಂತರವಷ್ಟೇ ಬೆಳಕು ಕಂಡ ಮೊದಲ ಕಾದಂಬರಿಯಲ್ಲಿ, ಯುದ್ಧಘೋಷಣೆಗೆ ಜನಮತಗಣನೆ ಬೇಕೆಂದೂ, ಯುದ್ಧ ಬೇಕೆಂದು ಮತ ಹಾಕಿದವರೇ ಮೊದಲು ಸೈನ್ಯಕ್ಕೆ ಭರ್ತಿಯಾಗಬೇಕೆಂದೂ ಅವನು ಒಂದು ನಿಯಮವನ್ನು ಕಲ್ಪಿಸಿದ್ದನು. ಮತ ಮೊದಲು, ಅದರ ಬೆಲೆ ತತ್‌ಕ್ಷಣವೇ ಎಂಬ ಈ ನಿಯಮವು ಅವನ ಪ್ರಸಿದ್ಧ ಕಾದಂಬರಿಯ ವ್ಯವಸ್ಥೆಗಿಂತ ಹೆಚ್ಚು ನ್ಯಾಯವಾದುದೆಂದು ನನ್ನ ನಂಬಿಕೆ. ಮುಂದೆ ಅವನು ಅದನ್ನು ಏಕೆ ತೊರೆದನೆಂಬುದು ಯೋಚಿಸತಕ್ಕ ವಿಷಯ.

1958ರ ವಸಂತದಲ್ಲಿ, ಅಮೆರಿಕವು ಪರಮಾಣು ಪರೀಕ್ಷೆಗಳನ್ನು ತಾನಾಗಿ ನಿಲ್ಲಿಸಬೇಕೆಂಬ ಶಾಂತಿವಾದಿಗಳ ಜಾಹೀರಾತನ್ನು ಕಂಡು ಕೆರಳಿದ ಹೈನ್‌ಲೈನನು, ತಾನು ನೆಲೆಸಿದ್ದ ಕಾಲರಾಡೋ ಸ್ಪ್ರಿಂಗ್ಸಿನ ಪತ್ರಿಕೆಯಲ್ಲಿ ಸ್ವಂತ ಖರ್ಚಿನಿಂದ ಪ್ರತಿ-ಜಾಹೀರಾತು ಹಾಕಿಸಿದನು. ಅದಕ್ಕೆ ದೊರೆತ ನೀರಸ ಪ್ರತಿಕ್ರಿಯೆಯಿಂದ ನೊಂದು, ಕೈಯಲ್ಲಿದ್ದ ಇನ್ನೊಂದು ಕಾದಂಬರಿಯನ್ನು ಬದಿಗಿಟ್ಟು ಇದನ್ನು ಬರೆದನು. ಅವನ 12 ಕಿಶೋರ ಕಾದಂಬರಿಗಳನ್ನು ಪ್ರಕಟಿಸಿದ್ದ ಸ್ಕ್ರಿಬ್ನರ್ಸ್ ಸಂಸ್ಥೆ ಇದನ್ನು ಹಿಂತಿರುಗಿಸಿತು. ಪಟ್ನಂ ಸಂಸ್ಥೆ 1959ರಲ್ಲಿ ಪ್ರಕಟಿಸಿತು. ಮರುವರ್ಷವೇ ಹ್ಯೂಗೋ ಪ್ರಶಸ್ತಿ ಬಂದಿತು.

ಕಥಾನಾಯಕ ಹ್ವಾನ್ ರಿಕೋ ಶ್ರೀಮಂತ ವರ್ತಕನ ಮಗ. ಅವನ ತಂದೆಗೆ ಮತಾಧಿಕಾರವಿಲ್ಲ. ಅದಿಲ್ಲದುದರಿಂದ ತನಗೇನೂ ನಷ್ಟವಾಗಿಲ್ಲವೆಂದು ಆತ ತಿಳಿದಿದ್ದಾನೆ. ಏಕೆಂದರೆ ಭೂಮಂಡಲದ ಆ ಒಕ್ಕೂಟದಲ್ಲಿ ವಾಕ್ ಸ್ವಾತಂತ್ರ್ಯ, ಆಸ್ತಿ, ವ್ಯಾಪಾರ ಎಲ್ಲರಿಗೂ ಉಂಟು. ಮತ ನೀಡುವುದೂ ಅಧಿಕಾರಸ್ಥಾನವನ್ನು ವಹಿಸುವುದೂ ಮಾತ್ರ, ಕನಿಷ್ಠ ಎರಡು ವರ್ಷಗಳ ‘ಒಕ್ಕೂಟದ ಸೇವೆ’ಯನ್ನು ಸ್ವಇಚ್ಛೆಯಿಂದ ಮುಗಿಸಿ ಬಂದವರ ಪಾಲು. ಸೇವೆಗೆ ಬಂದವರಾರನ್ನೂ ತಿರಸ್ಕರಿಸುವಂತಿಲ್ಲ. ಕುರುಡನೂ ಹೆಳವನೂ ಬಂದರೂ ಅವರಿಗೊಪ್ಪುವ ಯಾವುದಾದರೊಂದು ಕೆಲಸವನ್ನು ಹುಡುಕಿ ಕೊಡಲೇಬೇಕು. ಯಾರು ಬೇಕಾದರೂ ನಡುವೆ ಬಿಟ್ಟುಹೋಗಬಹುದು. ಹೋದರೆ ಮತಾಧಿಕಾರದ ಅವಕಾಶ ಜನ್ಮಾವಧಿ ತಪ್ಪಿಹೋಗುತ್ತದೆ. ಭರ್ತಿ ಕಚೇರಿಯ ಮೇಜಿನ ಹಿಂದೆ ಕುಳಿತ ಸುಬೇದಾರನಿಗೆ ಎರಡು ಕಾಲುಗಳೂ ಒಂದು ತೋಳೂ ಇಲ್ಲ. ಕೆಲಸದ ವೇಳೆಯಲ್ಲಿ ಕೃತಕ ಅವಯವಗಳನ್ನು ಬೇಕೆಂದೇ ತೆಗೆದಿಟ್ಟು, ಸಹಿ ಹಾಕಲು ಬಂದ ಹುಡುಗರಿಗೆ ತಾನು ತೆತ್ತ ಬೆಲೆಯನ್ನು ಮೊದಲೇ ತೋರಿಸುವುದು ಆತನಿಗೆ ವಹಿಸಿದ ಕರ್ತವ್ಯ. ಪ್ರಚಾರದ ಪುಸ್ತಕವೆಂದು ಇದನ್ನು ತಳ್ಳಿಹಾಕುವವರು ಈ ದೃಶ್ಯವನ್ನು ಮತ್ತೊಮ್ಮೆ ಓದಬೇಕು.

ಇಷ್ಟೇ ಗಮನಾರ್ಹವಾದ ಇನ್ನೊಂದು ಪ್ರಸಂಗ ಹೆಂಡ್ರಿಕ್ ಎಂಬ ರಂಗರೂಟಿನದು. ಕವಾಯತಿನಲ್ಲಿ ಅಲುಗಾಡದೆ ಬಿದ್ದಿರಬೇಕೆಂಬ ಆಜ್ಞೆಯಾದಾಗ ಇರುವೆಯ ಗೂಡಿನ ಮೇಲೆ ಬಿದ್ದಿದ್ದ ಅವನು ಮಿಸುಕಿದನು. ತರಬೇತುದಾರ ಸಾರ್ಜೆಂಟ್ ಜಿಮ್ ಹೊಡೆದನು. ಹೆಂಡ್ರಿಕ್ ತಿರುಗಿ ಕೈಮಾಡಿದನು. ಕ್ಯಾಪ್ಟನ್ನನ ಮುಂದೆ ಆ ಸಂಗತಿಯನ್ನು ಮುಚ್ಚಿಡಲು ಸಾರ್ಜೆಂಟು ಎಷ್ಟು ಯತ್ನಿಸಿದರೂ ಹುಡುಗನು ತಾನಾಗಿಯೇ ಬಾಯಿಬಿಟ್ಟುದರಿಂದ ಸೈನಿಕ ನ್ಯಾಯಾಲಯವು ಕೂಡಲೇಬೇಕಾಗಿ, ಹತ್ತು ಚಾಟಿಯೇಟುಗಳ ಶಿಕ್ಷೆಯೊಡನೆ ಅವನನ್ನು ಹೊರಗಟ್ಟಿತು. ಅಪರಾಧವು ತನ್ನದೇ, ಹುಡುಗನ ಮನಸ್ಸನ್ನು ತಾನು ಮೊದಲೇ ಓದಿಕೊಳ್ಳಬೇಕಾಗಿತ್ತೆಂದು ಸಾರ್ಜೆಂಟು ಕ್ಯಾಪ್ಟನ್ನನ ಮುಂದೆ ಪರಿತಪಿಸುವುದನ್ನು ರಿಕೋ ಕೇಳಿಸಿಕೊಳ್ಳುತ್ತಾನೆ. ಗ್ರಂಥಕರ್ತನು ಇದನ್ನು ಸೈನ್ಯದ ಅಂತಃಕರಣದ ನಿದರ್ಶನವಾಗಿ ಇಟ್ಟಿದ್ದಾನೆ. ಓದುಗನಾದರೋ, ಮೇಲಧಿಕಾರಿಯ ಕಣ್ಣುತಪ್ಪಿನ ಫಲವಾಗಿ ಒಬ್ಬ ಯುವಕನು ಕಾಯಮ್ಮಾಗಿ ಪೌರತ್ವದಿಂದ ವಂಚಿತನಾದುದನ್ನು ಕಾಣುತ್ತಾನೆ. ಪಶ್ಚಾತ್ತಾಪವು ಸಾರ್ಜೆಂಟಿನದು, ಚಾಟಿಯೇಟು ಹೆಂಡ್ರಿಕ್‌ನದು, ಮತ ಹೋದುದೂ ಹೆಂಡ್ರಿಕ್‌ನದೇ.

ವ್ಯವಸ್ಥೆಯ ಸಮರ್ಥನೆಯನ್ನು ಹೈನ್‌ಲೈನನು ಇಬ್ಬರು ಉಪಾಧ್ಯಾಯರ ಬಾಯಲ್ಲಿ ಇರಿಸಿದ್ದಾನೆ: ಪ್ರೌಢಶಾಲೆಯಲ್ಲಿ ‘ಇತಿಹಾಸ ಮತ್ತು ನೀತಿದರ್ಶನ’ವನ್ನು ಕಲಿಸುವ ದ್ಯುಬ್ವಾ, ಅಧಿಕಾರಿಗಳ ತರಬೇತಿ ಶಾಲೆಯ ಮೇಜರ್ ರೀಡ್. ನಿವೃತ್ತ ಸೈನಿಕರು ಇತರರಿಗಿಂತ ಬುದ್ಧಿಶಾಲಿಗಳೆಂದಾಗಲಿ ಸಚ್ಚರಿತರೆಂದಾಗಲಿ ರೀಡ್ ವಾದಿಸುವುದಿಲ್ಲ. ಸಮುದಾಯದ ಹಿತವನ್ನು ಸ್ವಂತ ಲಾಭಕ್ಕಿಂತ ಮುಂದಿಡಬಲ್ಲೆನೆಂದು ಅವರು ಒಮ್ಮೆಯಾದರೂ ಸ್ವಂತ ಶರೀರದಿಂದ ಸಾಧಿಸಿ ತೋರಿಸಿದ್ದಾರೆಂಬುದೇ ಅವನ ಏಕೈಕ ವಾದ; ಮತವೆಂಬುದು ಬಲಪ್ರಯೋಗದ ಅಧಿಕಾರವಾದುದರಿಂದ, ಹೊಣೆಯನ್ನು ಹೊರದವನಿಗೆ ಅದು ಸಲ್ಲದೆಂಬುದು ಅದರ ಆಧಾರ. ವಾದವು ಗಟ್ಟಿಯಾದುದೇ. ಆದರೆ ಬೆಲಮಿಯಲ್ಲಿ ಕಂಡ ಬಿರುಕು ಇಲ್ಲಿಯೂ ಇದೆ: ಸಮವಸ್ತ್ರದಲ್ಲಿರುವವರೆಗೆ ಯಾರಿಗೂ ಮತವಿಲ್ಲ. ಸೇನೆಯಲ್ಲಿಯೇ ಆಯುಷ್ಯವನ್ನು ಕಳೆಯಲು ನಿಶ್ಚಯಿಸಿದ ರಿಕೋ, ತಾನು ಗಳಿಸಹೊರಟ ಹಕ್ಕನ್ನು ಕಾದಂಬರಿ ಮುಗಿದರೂ ಒಮ್ಮೆಯೂ ಚಲಾಯಿಸುವುದಿಲ್ಲ. ಬೂವನೊಸ್ ಐರಿಸ್ ನಗರವು ಜೇಡರೂಪಿ ವೈರಿಗಳಿಂದ ನಾಶವಾಗಿ ಅವನ ತಾಯಿ ಸತ್ತುದೂ, ಹಿಂದೆ ಸೇವೆಯನ್ನು ಹಳಿಯುತ್ತಿದ್ದ ತಂದೆಯೇ ಸಿಪಾಯಿಯಾಗಿ ಬಂದು ಮಗನ ಕೈಕೆಳಗೆ ನಿಂತುದೂ ಹೃದಯಸ್ಪರ್ಶಿಯಾಗಿದ್ದರೂ, ಆ ಯುದ್ಧವನ್ನು ಯಾರು, ಯಾವ ವಿಚಾರದ ಮೇಲೆ ಆರಂಭಿಸಿದರೆಂಬುದು ಯುದ್ಧಮಾಡುವವರಲ್ಲಿ ಯಾರ ಪ್ರಶ್ನೆಯೂ ಆಗುವುದಿಲ್ಲ.

ಒಂದು ಮಾತನ್ನು ಹೈನ್‌ಲೈನನ ಪರವಾಗಿ ಹೇಳಲೇಬೇಕು. ರಿಕೋನ ಮಾತೃಭಾಷೆ ಟಗಾಲಾಗ್ ಎಂಬುದು ಕಾದಂಬರಿಯ ಕೊನೆಯ ಭಾಗದಲ್ಲಿ ಸಹಜವೆಂಬಂತೆ ತಿಳಿದುಬರುತ್ತದೆ. ಲೇಖಕನು ಸೇವೆ ಸಲ್ಲಿಸಿದ ಕಾಲದ ಅಮೆರಿಕನ್ ನೌಕಾಪಡೆಯಲ್ಲಿ ಫಿಲಿಪ್ಪೀನ್ಸಿನವರಿಗೆ ಬಹುಮಟ್ಟಿಗೆ ದೊರೆಯುತ್ತಿದ್ದುದು ಅಧಿಕಾರಿಗಳ ಊಟದ ಕೋಣೆಯ ಚಾಕರಿ. ಅಂಥ ಜನಾಂಗದ ಯುವಕನನ್ನು ಅಧಿಕಾರಿಯಾಗಿಯೂ ಭಾವೀ ಪೌರನಾಗಿಯೂ ನಿಲ್ಲಿಸಿದುದು 1959ರಲ್ಲಿ ಸಾಮಾನ್ಯವಾದ ಧೈರ್ಯವಲ್ಲ. ಒಕ್ಕೂಟದ ಸೇವೆಯಲ್ಲಿ ಬಹುಪಾಲು ಸೈನಿಕೇತರವಾದುದೆಂದು ಹೈನ್‌ಲೈನನು 1980ರಲ್ಲಿ ಕೊಟ್ಟ ವಿವರಣೆಯನ್ನು ಮಾತ್ರ, ಕಾದಂಬರಿಯ ಪಾಠವು ಅಷ್ಟಾಗಿ ಎತ್ತಿಹಿಡಿಯುವುದಿಲ್ಲವಾದುದರಿಂದ, ಅನೇಕ ವಿಮರ್ಶಕರು ಒಪ್ಪಿಲ್ಲ.

ವಿಯೆಟ್ನಾಂ ಯುದ್ಧವು ಈ ಚರ್ಚೆಯನ್ನು ಪುಸ್ತಕದಿಂದ ಬೀದಿಗೆ ತಂದಿತು. 1968ರ ಜೂನ್ ತಿಂಗಳ ‘ಗ್ಯಾಲಕ್ಸಿ’ ಪತ್ರಿಕೆಯಲ್ಲಿ ಎರಡು ಜಾಹೀರಾತುಗಳು ಪ್ರಕಟವಾದುವು: ಅಮೆರಿಕವು ವಿಯೆಟ್ನಾಮಿನಲ್ಲಿ ಉಳಿಯಬೇಕೆಂದು ಹೈನ್‌ಲೈನ್, ಪೋಲ್ ಆಂಡರ್ಸನ್, ಜಾನ್ ಕ್ಯಾಂಬೆಲ್ ಮೊದಲಾಗಿ 70ಕ್ಕೂ ಮಿಕ್ಕ ಲೇಖಕರು ಸಹಿ ಮಾಡಿದ್ದುದು ಒಂದು, ಯುದ್ಧವನ್ನು ವಿರೋಧಿಸಿ ಅಸಿಮೋವ್, ಬ್ರ್ಯಾಡ್‌ಬರಿ, ಉರ್ಸುಲಾ ಲೆ ಗ್ವಿನ್, ಫಿಲಿಪ್ ಕೆ. ಡಿಕ್ ಮೊದಲಾಗಿ 80ಕ್ಕೂ ಮಿಕ್ಕವರು ಸಹಿ ಮಾಡಿದ್ದುದು ಇನ್ನೊಂದು. ಒಂದೇ ಕುಲವೃತ್ತಿಯವರು ಹೀಗೆ ಎರಡು ಪಂಕ್ತಿಯಾಗಿ ನಿಂತ ಆ ಹೊತ್ತಿನಲ್ಲಿ, ಅಮೆರಿಕದ ಯುವಕನನ್ನು 18ನೆಯ ವಯಸ್ಸಿಗೆ ಸೈನ್ಯಕ್ಕೆ ಎಳೆದೊಯ್ಯಬಹುದಾಗಿದ್ದರೂ, ಬಹುತೇಕ ಸಂಸ್ಥಾನಗಳಲ್ಲಿ 21 ತುಂಬುವವರೆಗೆ ಅವನಿಗೆ ಮತವಿರಲಿಲ್ಲ. ಸಂವಿಧಾನದ 26ನೆಯ ತಿದ್ದುಪಡಿಯು ಆ ಅನ್ಯಾಯವನ್ನು ಸರಿಪಡಿಸಿದುದು 1971ರಲ್ಲಿ. ಹೈನ್‌ಲೈನನ ರಾಜ್ಯದ ಮೂಕ ಅವಧಿಯು ಅಂದು ಕೇವಲ ಕಲ್ಪನೆಯಾಗಿರಲಿಲ್ಲ.

ಅದೇ ಕಾಲದಲ್ಲಿ, ಭೌತವಿಜ್ಞಾನ ಹಾಗೂ ಖಗೋಳವಿಜ್ಞಾನಗಳ ಪದವೀಧರನಾಗಿ ಹೊರಬಿದ್ದೊಡನೆಯೇ ಕಡ್ಡಾಯ ಭರ್ತಿಗೆ ಸಿಕ್ಕಿ, ವಿಯೆಟ್ನಾಮಿನಲ್ಲಿ ಎಂಜಿನಿಯರ್ ದಳದ ಸಿಪಾಯಿಯಾಗಿ ತೀವ್ರವಾಗಿ ಗಾಯಗೊಂಡು ಹಿಂದಿರುಗಿದ ಜೋ ಹಾಲ್ಡ್‌ಮನ್ 1974ರಲ್ಲಿ ‘ದಿ ಫಾರೆವರ್ ವಾರ್’ ಕಾದಂಬರಿಯನ್ನು ಪ್ರಕಟಿಸಿದನು. ನೆಬ್ಯುಲಾ, ಹ್ಯೂಗೋ ಎರಡೂ ಪ್ರಶಸ್ತಿಗಳು ಅದಕ್ಕೆ ದೊರೆತುವು. ಇಲ್ಲಿ ಭರ್ತಿಯಾಗುವವರು ಸ್ವಯಂಸೇವಕರಲ್ಲ. ದೇಶದ ಅತ್ಯಂತ ಬುದ್ಧಿವಂತ ಯುವಕ ಯುವತಿಯರನ್ನು ಆರಿಸಿ ಹಿಡಿಯುವ ಶಾಸನವೇ ಉಂಟು. ನಾಯಕ ವಿಲಿಯಂ ಮಾಂಡೆಲ್ಲನು ಟೌರನ್ನರೆಂಬ ವೈರಿಗಳ ಮೇಲೆ ದಂಡೆತ್ತಿ ಹೋಗುವ ನೌಕೆಗಳು ಬೆಳಕಿನ ವೇಗದ ಸಮೀಪದಲ್ಲಿ ಚಲಿಸುವುದರಿಂದ, ಐನ್‌ಸ್ಟೈನನ ಸಾಪೇಕ್ಷ ಸಿದ್ಧಾಂತದಂತೆ, ಅವನಿಗೆ ತಿಂಗಳುಗಳು ಕಳೆಯುವಷ್ಟರಲ್ಲಿ ಭೂಮಿಯ ಮೇಲೆ ದಶಕಗಳೂ ಶತಮಾನಗಳೂ ಉರುಳುತ್ತವೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಹೊರಟವನು ಯುದ್ಧ ಮುಗಿಯುವ ಹೊತ್ತಿಗೆ ಮೂವತ್ತೆರಡನೆಯ ಶತಮಾನದಲ್ಲಿದ್ದಾನೆ.

ಭೌತವಿಜ್ಞಾನದ ಒಂದು ನಿಯಮವು ರಾಜ್ಯಶಾಸ್ತ್ರದ ಒಂದು ದುಃಖಕ್ಕೆ ಇಷ್ಟು ಸಮರ್ಪಕವಾಗಿ ದೇಹವಾದ ಉದಾಹರಣೆ ಈ ಸಾಹಿತ್ಯದಲ್ಲಿ ಬೇರೊಂದಿಲ್ಲ. ಮಾಂಡೆಲ್ಲನ ಸಂಬಳವು ಬಡ್ಡಿಯೊಡನೆ ಅಪಾರವಾಗಿ ಬೆಳೆದಿದೆ. ಆದರೆ ಯಾವ ಸಮಾಜದ ಪೌರನೆಂದು ಹೊರಟಿದ್ದನೋ ಆ ಸಮಾಜವೇ ಉಳಿದಿಲ್ಲ. ಊರಿಗೆ ಬಂದು ನೋಡಿದರೆ ಭಾಷೆ, ಕುಟುಂಬ, ಪ್ರೇಮದ ರೀತಿ, ದುಡಿಮೆಯ ಅರ್ಥ ಎಲ್ಲವೂ ಬದಲಾಗಿವೆ. ತಾಯಿಯ ಮುಪ್ಪಿನ ಕಾಲದಲ್ಲಿ ಆಕೆಗೆ ವೈದ್ಯಸೇವೆಯನ್ನು ಸರಕಾರವು ನಿರಾಕರಿಸಿರುವುದನ್ನು ಕಂಡು, ಬೇರೆ ಗತಿಯಿಲ್ಲದೆ ಅವನೂ ಅವನ ಸಂಗಾತಿ ಮೇರಿಗೇಯೂ ಮತ್ತೆ ಸೈನ್ಯವನ್ನೇ ಸೇರುತ್ತಾರೆ. ಈ ಮನೆಗೆ ಮರಳುವ ಭಾಗವು ಅತಿಯಾದ ವಿಷಾದದಿಂದ ಕೂಡಿದೆಯೆಂದು ‘ಅನಲಾಗ್’ ಪತ್ರಿಕೆಯ ಸಂಪಾದಕ ಬೆನ್ ಬೋವ ಅದನ್ನು ಸ್ವೀಕರಿಸಲಿಲ್ಲ. ಮೊದಲ ಮುದ್ರಣದಲ್ಲಿ ಅದರ ಬದಲಿಗೆ ಸೌಮ್ಯವಾದ ಇನ್ನೊಂದು ಭಾಗವು ಸೇರಿತು, ಮೂಲರೂಪವು ಪುಸ್ತಕಕ್ಕೆ ಮರಳಲು ಅನೇಕ ವರ್ಷಗಳು ಹಿಡಿದುವು. ಯುದ್ಧದ ಭೀಕರತೆಯನ್ನು ಅಚ್ಚುಹಾಕಲು ಹಿಂಜರಿಯದಿದ್ದವರು, ಸೈನಿಕನಿಗೆ ಅವನ ದೇಶವು ಬೇಡವಾದ ಬಗೆಯನ್ನು ಅಚ್ಚುಹಾಕಲು ಹಿಂಜರಿದರೆಂಬುದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು. ಒಂದು ಸಾವಿರ ವರ್ಷಗಳಿಗೂ ಮಿಕ್ಕ ಆ ಯುದ್ಧವು ಪರಸ್ಪರ ಅರ್ಥವಾಗದುದರಿಂದ ಆರಂಭವಾದುದೆಂದು ಕೊನೆಗೆ ತಿಳಿಯುತ್ತದೆ. ಇಷ್ಟಾಗಿಯೂ ಹೈನ್‌ಲೈನನು ಈ ಕಾದಂಬರಿಯನ್ನು ಮನಸಾರೆ ಮೆಚ್ಚಿಕೊಂಡನೆಂಬುದು ಇಬ್ಬರ ಘನತೆಗೂ ಸಾಕ್ಷಿ.

ಇದೇ ಕಾಲಘಟ್ಟದ ಇತರ ಕೃತಿಗಳಲ್ಲಿ, ಬಡ ಗ್ರಹವೊಂದು ತನ್ನ ಮಕ್ಕಳನ್ನು ಬಾಡಿಗೆಯ ಯೋಧರನ್ನಾಗಿ ರಫ್ತುಮಾಡಿ ಬದುಕುವುದನ್ನು ಚಿತ್ರಿಸಿದ ಗಾರ್ಡನ್ ಡಿಕ್ಸನನ ‘ಡಾರ್ಸಾಯ್’ ಮಾಲೆಯೂ, ಭರ್ತಿಯ ಮೋಸವನ್ನು ಪ್ರಹಸನವಾಗಿಸಿದ ಹ್ಯಾರಿ ಹ್ಯಾರಿಸನನ ‘ಬಿಲ್, ದಿ ಗ್ಯಾಲಕ್ಟಿಕ್ ಹೀರೋ’ (1965) ಕೃತಿಯೂ ಉಲ್ಲೇಖಾರ್ಹ. ಆರ್ಸನ್ ಸ್ಕಾಟ್ ಕಾರ್ಡನ ‘ಎಂಡರ್ಸ್ ಗೇಮ್’ (1985) ಮೂಕತೆಯನ್ನು ಅದರ ಕಡೆಯ ಎಲ್ಲೆಗೆ ಒಯ್ಯುತ್ತದೆ: ತಾನು ಆಡುತ್ತಿರುವುದು ಅಭ್ಯಾಸದ ಆಟವೆಂದು ನಂಬಿದ ಬಾಲಕನ ಕೈಯಿಂದ ಹಿರಿಯರು ಒಂದಿಡೀ ಪ್ರಾಣಿವರ್ಗದ ಸಂಹಾರವನ್ನು ಮಾಡಿಸುತ್ತಾರೆ. ಮತವಿಲ್ಲದುದಷ್ಟೇ ಅಲ್ಲ, ಯುದ್ಧವು ನಡೆಯುತ್ತಿದೆಯೆಂಬ ಅರಿವೇ ಅಲ್ಲಿ ಯೋಧನಿಗಿಲ್ಲ. ಈ ಕಾದಂಬರಿಯೂ ಹೈನ್‌ಲೈನನದೂ ಅಮೆರಿಕದ ಮರೀನ್ ದಳವು ತನ್ನವರಿಗೆ ಓದಲು ಸೂಚಿಸಿದ ಪುಸ್ತಕಗಳ ಪಟ್ಟಿಯಲ್ಲಿ ಸ್ಥಾನ ಪಡೆದಿವೆ.

ಪಾಲ್ ವರ್ಹೋವನ್ ನಿರ್ದೇಶಿಸಿ 1997ರಲ್ಲಿ ತೆರೆಕಂಡ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಚಲನಚಿತ್ರವು ಮೂಲಗ್ರಂಥದ ಅನುವಾದವೆನ್ನುವುದಕ್ಕಿಂತ ಖಂಡನವೆನ್ನುವುದು ಯುಕ್ತ. 1938ರಲ್ಲಿ ಹುಟ್ಟಿ, ನಾಟ್ಸಿಗಳ ವಶದಲ್ಲಿದ್ದ ಹಾಲೆಂಡಿನಲ್ಲಿ ಬಾಲ್ಯವನ್ನು ಕಳೆದ ಈ ನಿರ್ದೇಶಕನಿಗೆ, ಸಮವಸ್ತ್ರವೇ ಪೌರತ್ವದ ಮಾನದಂಡವಾಗುವ ರಾಜ್ಯವು ಎತ್ತ ಸಾಗುವುದೆಂಬುದು ಓದಿ ತಿಳಿದ ವಿಷಯವಾಗಿರಲಿಲ್ಲ. ಸುಂದರ ಮುಖಗಳೂ ಉಲ್ಲಾಸದ ಘೋಷಣೆಗಳೂ ತುಂಬಿದ ಸರಕಾರಿ ಪ್ರಚಾರಚಿತ್ರದ ಶೈಲಿಯನ್ನೇ ಅವನು ವಿಡಂಬನೆಯ ಉಪಕರಣವನ್ನಾಗಿ ಮಾಡಿಕೊಂಡನು. ಆದರೆ ಟಗಾಲಾಗ್ ಮಾತನಾಡುವ ರಿಕೋನನ್ನು ಬಿಟ್ಟು ಬಿಳಿಯ ತರುಣನನ್ನು ತಂದುದರಿಂದ ಮೂಲದ ಒಂದು ಔದಾರ್ಯವು ಕಳೆದುಹೋಯಿತು. ವಾದದ ಎದುರಾಳಿಗೆ ನ್ಯಾಯ ಸಲ್ಲಿಸದ ಖಂಡನೆಯು ಅಷ್ಟರಮಟ್ಟಿಗೆ ದುರ್ಬಲವೇ.

ಸೈನಿಕನು ರಾಜ್ಯದ ಪೌರನೋ ಅದರ ಸೊತ್ತೋ ಎಂಬ ಪ್ರಶ್ನೆಯನ್ನು ‘ಸ್ಟಾರ್ ಟ್ರೆಕ್’ ಮಾಲೆಯ ಒಂದು ಕಂತು (1989) ನ್ಯಾಯಾಲಯದಲ್ಲಿಯೇ ಇರಿಸಿತು. ವಕೀಲಿ ವೃತ್ತಿಯ ಅನುಭವವಿದ್ದ ಮೆಲಿಂಡಾ ಸ್ನಾಡ್‌ಗ್ರಾಸ್ ಬರೆದ ಇದರಲ್ಲಿ, ಪದಕಗಳನ್ನು ಗಳಿಸಿದ ಅಧಿಕಾರಿಯೂ ಮಾನವಾಕೃತಿಯ ಯಂತ್ರವೂ ಆದ ಡೇಟಾ, ತನ್ನನ್ನು ಬಿಚ್ಚಿ ಪರೀಕ್ಷಿಸಬೇಕೆಂಬ ಆಜ್ಞೆ ಬಂದಾಗ ರಾಜೀನಾಮೆ ಕೊಡಬಯಸುತ್ತಾನೆ; ಸೊತ್ತಿಗೆ ರಾಜೀನಾಮೆಯ ಹಕ್ಕುಂಟೇ ಎಂಬುದೇ ವ್ಯಾಜ್ಯ. ಜಾನ್ ಸ್ಕಾಲ್ಜಿಯ ‘ಓಲ್ಡ್ ಮ್ಯಾನ್ಸ್ ವಾರ್’ (2005) ಹೈನ್‌ಲೈನನ ಕ್ರಮವನ್ನು ತಿರುವಿಹಾಕುತ್ತದೆ. ಅಲ್ಲಿ ಸೈನ್ಯಕ್ಕೆ ಸೇರುವವರು 75 ತುಂಬಿದ ಅಮೆರಿಕನ್ ವೃದ್ಧರು. ಜೀವಮಾನವೆಲ್ಲ ಮತ ಚಲಾಯಿಸಿದವರು, ಹೊಸ ಶರೀರದ ಆಸೆಯಿಂದ ಭೂಮಿಯ ಪೌರತ್ವವನ್ನು ತ್ಯಜಿಸಿ, ಶಾಸನದ ಕಣ್ಣಿನಲ್ಲಿ ಮೃತರಾಗಿ, ಎಂದಿಗೂ ಹಿಂದಿರುಗದಂತೆ ಹೊರಡುತ್ತಾರೆ. ನೆಲೆಸಲು ಹೊಸ ಗ್ರಹಗಳಿಗೆ ಹೋಗುವ ಅವಕಾಶವಾದರೋ ಭಾರತದಂತಹ ದೇಶಗಳ ಜನರಿಗೆ. ಅದನ್ನು ಕಂಡು ಅಸೂಯೆಪಡುವ ಅಮೆರಿಕನ್ನನ ಪಾತ್ರವೊಂದು ಮೊದಲ ಪುಟಗಳಲ್ಲಿಯೇ ಬರುತ್ತದೆ.

ಈ ವಸ್ತುವನ್ನು ಸ್ತ್ರೀಯರ ದೃಷ್ಟಿಯಿಂದ ಪರಿಶೀಲಿಸಿದ ಕೃತಿಗಳಲ್ಲಿ ಶೆರಿ ಟೆಪ್ಪರಳ ‘ದಿ ಗೇಟ್ ಟು ವಿಮೆನ್ಸ್ ಕಂಟ್ರಿ’ (1988) ಮುಖ್ಯವಾದುದು. ಅಲ್ಲಿ ಹೆಂಗಸರು ಕೋಟೆಯೊಳಗಿನ ಪಟ್ಟಣಗಳನ್ನು ಆಳುತ್ತಾರೆ; ಗಂಡುಮಕ್ಕಳು ಐದನೆಯ ವರ್ಷಕ್ಕೆ ಹೊರಗಿನ ದಂಡಿನ ಪಾಳೆಯಕ್ಕೆ ಹೋಗಿ, ಹದಿನೈದನೆಯ ವರ್ಷಕ್ಕೆ ಯೋಧರಾಗಿ ಉಳಿಯುವರೋ, ಹೆಬ್ಬಾಗಿಲು ದಾಟಿ ಪೌರಜೀವನಕ್ಕೆ ಮರಳುವರೋ ಎಂದು ಆರಿಸಿಕೊಳ್ಳಬೇಕು. ಇಲ್ಲಿ ಪೌರತ್ವವು ಶಸ್ತ್ರವನ್ನು ಕೆಳಗಿಟ್ಟವನಿಗೆ. ಕ್ಯಾಮೆರಾನ್ ಹರ್ಲಿಯ ‘ದಿ ಲೈಟ್ ಬ್ರಿಗೇಡ್’ (2019) ರಾಷ್ಟ್ರಗಳೇ ಅಳಿದು ದೊಡ್ಡ ಕಂಪನಿಗಳು ಆಳುವ ಕಾಲದ ಕಥೆ. ಪೌರರು, ನಿವಾಸಿಗಳು, ಯಾವ ಹಕ್ಕೂ ಇಲ್ಲದವರು ಎಂಬ ಮೆಟ್ಟಿಲುಗಳ ಆ ಲೋಕದಲ್ಲಿ, ಮೇಲೇರಬಯಸುವ ಬಡವರಿಗೆ ಸೈನ್ಯವು ತೆರೆದಿಟ್ಟ ಬಾಗಿಲು; ಸೈನಿಕರ ಶರೀರವನ್ನು ಬೆಳಕಿನ ಕಣಗಳಾಗಿ ಒಡೆದು ರಣರಂಗಕ್ಕೆ ಕಳುಹಿಸುವಾಗ ಡೀಟ್ಸ್ ಎಂಬ ಪಾತ್ರಕ್ಕೆ ಯುದ್ಧದ ಘಟನೆಗಳು ಕಾಲಕ್ರಮ ತಪ್ಪಿ ಎದುರಾಗುತ್ತವೆ.

ಜಪಾನಿನಲ್ಲಿ ಹೈನ್‌ಲೈನನ ಪ್ರಭಾವವು ಮೊದಲು ಬಂದುದು ‘ಸ್ಟಾರ್‌ಶಿಪ್ ಟ್ರೂಪರ್ಸ್’ನ ಸೈನಿಕರು ತೊಡುವ ಯಂತ್ರಕವಚದ ಮೂಲಕ. ಆ ಕಾದಂಬರಿಯ 1977ರ ಹಯಕಾವ ಸಂಸ್ಥೆಯ ಮುದ್ರಣಕ್ಕೆ ಬರೆದ ಕವಚಧಾರಿಗಳ ಚಿತ್ರಗಳು 1979ರ ‘ಗುಂಡಂ’ ದೂರದರ್ಶನ ಮಾಲೆಯ ಬೃಹದ್ಯಂತ್ರಗಳಿಗೆ ಪ್ರೇರಣೆಯಾದುವು. ಆದರೆ ವಿಚಾರದ ದೃಷ್ಟಿಯಿಂದ ಅಲ್ಲಿಯ ಅತ್ಯುನ್ನತ ಕೃತಿ, 1982ರಿಂದ 1987ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದ ಯೊಷಿಕಿ ತನಾಕನ ‘ಲೆಜೆಂಡ್ ಆಫ್ ದ ಗ್ಯಾಲಕ್ಟಿಕ್ ಹೀರೋಸ್’. ಸಮರ್ಥನಾದ ಚಕ್ರವರ್ತಿಯ ನಿರಂಕುಶ ಪ್ರಭುತ್ವಕ್ಕೂ ಭ್ರಷ್ಟರ ಕೈಗೆ ಸಿಕ್ಕ ಪ್ರಜಾಪ್ರಭುತ್ವಕ್ಕೂ ನಡೆಯುವ ಯುದ್ಧವದು. ಪ್ರಜಾಪ್ರಭುತ್ವದ ಸೇನಾನಿ ಯಾಂಗ್ ವೆನ್-ಲಿ, ತಂದೆಯನ್ನು ಕಳೆದುಕೊಂಡು ಹಣವಿಲ್ಲದೆ, ಇತಿಹಾಸವನ್ನು ಪುಕ್ಕಟೆಯಾಗಿ ಓದುವ ಆಸೆಯಿಂದಷ್ಟೇ ಸೈನಿಕ ವಿದ್ಯಾಲಯಕ್ಕೆ ಸೇರಿದವನು. ವರ್ಮಿಲಿಯನ್ ಕದನದಲ್ಲಿ ವೈರಿ ನಾಯಕ ರೈನ್‌ಹಾರ್ಡನು ಅವನ ಫಿರಂಗಿಗಳ ಗುರಿಗೆ ಸಿಕ್ಕಿರುವಾಗಲೇ, ಮುತ್ತಿಗೆಗೆ ಹೆದರಿ ಶರಣಾದ ರಾಜಧಾನಿಯಿಂದ ಕದನವನ್ನು ನಿಲ್ಲಿಸಬೇಕೆಂಬ ಆಜ್ಞೆ ಬರುತ್ತದೆ. ಅದನ್ನು ಕೇಳಿಸದಂತೆ ನಟಿಸಬೇಕೆಂದು ಜೊತೆಯವರು ಒತ್ತಾಯಿಸುತ್ತಾರೆ; ಯಾಂಗ್ ಗುಂಡು ಹಾರಿಸುವುದನ್ನು ನಿಲ್ಲಿಸುತ್ತಾನೆ. ಜನರು ಆರಿಸಿದ ಸರಕಾರವು ಎಷ್ಟೇ ನೀಚವಾದರೂ ಅದರ ಆಜ್ಞೆಯನ್ನು ಮೀರುವ ಸೇನಾನಿಯು ನಾಳೆ ತಾನೇ ಪ್ರಭುವಾಗುವನೆಂಬುದು ಅವನು ಇತಿಹಾಸದಿಂದ ಕಲಿತ ಪಾಠ. ಬೆಲಮಿಯೂ ಹೈನ್‌ಲೈನನೂ ಸೈನಿಕನ ಬಾಯನ್ನು ಶಾಸನದಿಂದ ಕಟ್ಟಿದ್ದರು. ಇಲ್ಲಿ ಬಾಯೂ ಬಲವೂ ಇರುವವನು, ಹೊಣೆಯನ್ನು ತಿಳಿದು ಸುಮ್ಮನಾಗುತ್ತಾನೆ. ಯುದ್ಧಾನಂತರ ಯಾಂಗ್ ನಿವೃತ್ತನಾಗಿ, ವಿವಾಹವಾಗಿ, ಪಿಂಚಣಿಯಲ್ಲಿ ಕಾಲ ಕಳೆಯಲು ತೊಡಗಿದಾಗ, ವಿಜೇತರ ಪ್ರತಿನಿಧಿಯ ಒತ್ತಡಕ್ಕೆ ಮಣಿದ ಅವನ ಸ್ವಂತ ಸರಕಾರವೇ ಅವನನ್ನು ಸಂಶಯದ ಮೇಲೆ ಬಂಧಿಸುತ್ತದೆ; ಕಾನೂನನ್ನು ಮುರಿದು ಅವನನ್ನು ಸೆರೆಯಿಂದ ಬಿಡಿಸುವವರು ಅವನ ಕೈಕೆಳಗೆ ದುಡಿದ ಹಳೆಯ ಸೈನಿಕರು.